ಸುಯ್ಯೆನ್ನುವ ಡಬ್ಬಿ ಮತ್ತು ಸುಲೇಪೇಟದ ಮಾವ

ಮೊದಲೇ ಹೇಳಿಬಿಡುತ್ತೇನೆ: ಈ ಕತೆಗೆ ನಗದವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವರ ದವಡೆಯನ್ನು ಶಹಾಬಾದದ ಫರಸಿ ಕಲ್ಲಿನಲ್ಲೇ ಕಡೆದಿರಬೇಕು. ಇದರಲ್ಲಿ ಹೀರೋ ಇದ್ದಾನೆ, ವಿಲನ್ ಇದ್ದಾನೆ, ಹಾಡಿದೆ, ಡಾನ್ಸಿದೆ, ಕರ್ಚೀಫು ಒದ್ದೆಯಾಗುವ ಕ್ಲೈಮ್ಯಾಕ್ಸೂ ಇದೆ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು, ಮುಂದಿನವನ ತಲೆ ಸರಿಸಿ ಸರಿಸಿ ನೀವು ನೋಡಿದ ಸಿನಿಮಾಗಳೆಲ್ಲ ಇದರ ಮುಂದೆ ನೀರುಮಜ್ಜಿಗೆ. ಗುಂಡಿಗೆ ಇದ್ದವರು ಕೂತುಕೊಳ್ಳಿ. ಇಲ್ಲದವರಿಗೆ ಬಾಗಿಲು ತೆರೆದೇ ಇದೆ.

ಹೀರೋ ಹೆಸರು ಕಾಶಪ್ಪ. ಹೀರೋ ಎಂದ ಕೂಡಲೇ ಎದೆಯುಬ್ಬಿಸಿದ ಆರಡಿ ಆಳನ್ನು ಕಲ್ಪಿಸಿಕೊಳ್ಳಬೇಡಿ. ಒಣಹಾಕಿದ ಧೋತರದ ಹಾಗೆ ಗಾಳಿ ಬೀಸಿದ ಕಡೆ ವಾಲುವ ಮೈ. ಶಹಾಬಾದದ ಒಂದು ಫರಸಿ ಡಿಪೋದಲ್ಲಿ ಲಾರಿಗೆ ತುಂಬುವ ಕಲ್ಲು ಎಣಿಸುವ ಗುಮಾಸ್ತ. ಅವನು ‘ಬರ್ರಿ’ ಎಂದರೆ ಹಮಾಲರು ಎದ್ದು ಹೋಗುತ್ತಿದ್ದರು, ‘ಹೋಗ್ರಿ’ ಎಂದರೆ ಕೂತು ಬೀಡಿ ಹಚ್ಚುತ್ತಿದ್ದರು. ಆದರೂ ತನ್ನ ಗಂಟಲಲ್ಲಿ ಗಂಧರ್ವರು ಸಂಸಾರ ಹೂಡಿದ್ದಾರೆಂದು ಅವನಿಗೆ ಖಾತ್ರಿ ಇತ್ತು. ಬೆಳಗಾದರೆ ತತ್ವಪದ ಶುರು. ಅದು ಕಿವಿಗೆ ಬಿದ್ದರೆ ತನ್ನ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ನೆರೆಮನೆಯ ಸಾಬಮ್ಮ ಹಿಂಡುವ ಹೊತ್ತನ್ನೇ ಬದಲಿಸಿಕೊಂಡಿದ್ದಳು.

ವಿಲನ್ ಸುಲೇಪೇಟದವ. ಹೆಸರು ಅಮೃತಪ್ಪ; ಮಾತು ಮಾತ್ರ ವಿಷ. ಕಾಶಪ್ಪನ ಹೆಂಡತಿ ಸುಂದರಬಾಯಿಯ ತಂದೆ. ಬಜಾರದ ಕಿರಾಣಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಈಗ ಕಂಡಕಂಡವರ ಮೇಲೆ ಕಣ್ಣು ಕೆಂಪು ಮಾಡುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ. ನಾಗರಪಂಚಮಿಗೆಂದು ಮಗಳನ್ನು ತವರಿಗೆ ಕರೆದೊಯ್ದವ ದೀಪಾವಳಿ ಹೊಸ್ತಿಲಿಗೆ ಬಂದರೂ ಕಳಿಸಿರಲಿಲ್ಲ. ಕರೆಯಲು ಹೋದ ಅಳಿಯನನ್ನು ಅಂಗಡಿ ಕಟ್ಟೆಯ ಕೆಳಗೆ ನಿಲ್ಲಿಸಿ, ಗಿರಾಕಿಗಳೆಲ್ಲ ಕೇಳುವ ಹಾಗೆ ಹೇಳಿದ್ದ:

“ನಿನ್ನ ಮಾತು ನಿನ್ನ ಮನಿ ಬೆಕ್ಕು ಸೈತ ಕೇಳಂಗಿಲ್ಲ. ನಾಕು ಮಂದಿ ಕಿವಿಗೊಟ್ಟು ನಿನ್ನ ಕೇಳೋದು ನಾ ಕಣ್ಣೀಲೆ ನೋಡಬೇಕು. ಅವತ್ತು ಮಗಳನ್ನ ಕಳಸ್ತೀನಿ. ಅಲ್ಲೀತನಕ ನಿನ್ನ ರೊಟ್ಟಿ ನೀನೇ ಬಡ್ಕೊ.”

ಕಾಶಪ್ಪ ಬಡಿದುಕೊಂಡ. ಅವನು ಬಡಿದ ರೊಟ್ಟಿ ಚಿತ್ತಾಪುರ ತಾಲೂಕಿನ ನಕ್ಷೆಯ ಹಾಗಿರುತ್ತಿತ್ತು. ತಿಂದರೆ ಆ ತಾಲೂಕಿನ ಕಲ್ಲು ತಿಂದಂತೆಯೇ ಆಗುತ್ತಿತ್ತು.

ಹೀಗಿರುವಾಗ ಅದೃಷ್ಟ ಕಣ್ಣು ಹೊಡೆಯಿತು. ಗುಲ್ಬರ್ಗಾ ಆಕಾಶವಾಣಿಯವರು ದನಿ ಪರೀಕ್ಷೆಗೆ ಕರೆದರು. ಅಲ್ಲಿ ಕೂತವರ ಕಿವಿಗೆ ಅಂದು ನೆಗಡಿಯೋ ಏನೋ, ಕಾಶಪ್ಪ ಪಾಸಾದ. ಹಾಡು ಮುದ್ರಿಸಿಕೊಂಡು, ಪ್ರಸಾರವಾಗುವ ಸಂಜೆಯನ್ನೂ ತಿಳಿಸಿದರು. ಕಾಶಪ್ಪ ಸುಲೇಪೇಟ ಬಸ್ಸಿನ ಕಂಡಕ್ಟರನ ಬಾಯಲ್ಲಿ ಮಾವನಿಗೆ ಹೇಳಿಕಳಿಸಿದ. ಅದೇ ಬಾಯಲ್ಲಿ ಉತ್ತರವೂ ಬಂತು: “ಮಗಳನ್ನ ಕರ್ಕೊಂಡೇ ಬರ್ತೀನಿ. ನಾಕು ಮಂದಿ ಕೇಳಿದ್ರ ಬಿಟ್ಟು ಬರ್ತೀನಿ. ಇಲ್ಲಂದ್ರ ಕಡೀ ಬಸ್ಸಿಗೆ ಇಬ್ರೂ ವಾಪಸ್.”

ಕಾಶಪ್ಪನ ಹತ್ತಿರ ಇದ್ದದ್ದು ಅಂಗೈಯಗಲದ ಒಂದು ಟ್ರಾನ್ಸಿಸ್ಟರ್. ಅದರಲ್ಲಿ ಹುಲಿ ಗರ್ಜಿಸಿದರೂ ಸೊಳ್ಳೆ ಗುಂಯ್ಗುಟ್ಟಿದಂತೆ ಕೇಳುತ್ತಿತ್ತು. ನಾಲ್ಕು ಮಂದಿ ಇರಲಿ, ಅದನ್ನು ಹಿಡಿದವನಿಗೇ ಅರ್ಧ ಕೇಳಿಸುತ್ತಿತ್ತು. ಮಾವನ ಎದೆ ನಡುಗಬೇಕಾದರೆ ದೊಡ್ಡ ಸಾಮಾನೇ ಬೇಕು. ಕಾಶಪ್ಪ ನೆಟ್ಟಗೆ ಹೋದದ್ದು ಮೈಕ್ ಸೆಟ್ಟಿನ ಸರ್ದಾರನ ಅಂಗಡಿಗೆ.

ಹಾಡು ಪ್ರಸಾರವಾಗುವ ದಿನ ಮುಂಜಾನೆ ಸರ್ದಾರ ಕೈಗಾಡಿಯ ಮೇಲೆ ಸ್ಪೀಕರ್ ಡಬ್ಬಿ ತಂದು ಇಳಿಸಿದ. ಹೆಸರಿಗೆ ಡಬ್ಬಿ, ಎತ್ತರ ನೋಡಿದರೆ ಬಟ್ಟೆ ಬೀರು.

“ಕಾಶಪ್ಪಣ್ಣಾ, ಹೈದರಾಬಾದಿ ಮಾಲು ಇದು. ಮಷೀನ್ ಬ್ಯಾರೆ, ಡಬ್ಬಿ ಬ್ಯಾರೆ ಅಲ್ಲ. ಮಷೀನು ಡಬ್ಬಿ ಹೊಟ್ಟ್ಯಾಗೇ ಅದ. ಸೇಡಂದಾಗ ಇದ್ರ ಮ್ಯಾಲ ಒಂದು ಮದಿವಿ ಹೊಡದಿದ್ದೆ, ಬೀಗರು ಮಳಖೇಡದಾಗ ಕುಂತು ಮಂತ್ರ ಕೇಳ್ಯಾರ!”

ಸ್ವಿಚ್ಚು ಒತ್ತಿದ. ಕೆಂಪು ದೀಪ ಹತ್ತಿತು.

“ಸುಯ್ಯ್ಯ್ಯ್...”

ಕಾದ ಹಂಚಿಗೆ ನೀರು ಚಿಮುಕಿಸಿದರೆ ಬರುವ ಸದ್ದು. ಹಂಚಿನ ಮೇಲಿನ ನೀರಾದರೆ ಆರುತ್ತದೆ, ಇದು ಆರಲಿಲ್ಲ. ಸಾವಿರ ಅತ್ತೆಯರು ಒಟ್ಟಿಗೆ ಹಲ್ಲು ಕಚ್ಚಿ ಉಸಿರು ಬಿಡುತ್ತಿರುವಂತೆ ಕೋಣೆಯ ನಾಲ್ಕೂ ಮೂಲೆಯಿಂದ ಬರುತ್ತಲೇ ಇತ್ತು.

“ಇದೇನಪಾ?” ಎಂದ ಕಾಶಪ್ಪ.

“ಯಾವುದು?”

“ಈ ಸುಯ್!”

ಸರ್ದಾರ ಕಿವಿ ವಾಲಿಸಿದ. ಆ ಕಿವಿ ಮದುವೆಗಳಲ್ಲಿ ಸವೆದು ಹೋಗಿತ್ತು. “ಓಹೋ, ಇದಾ! ಅಣ್ಣಾ, ಇದು ಸಾವಿರ ಮಂದಿ ಮುಂದ ಒದರೋ ಡಬ್ಬಿ. ಹುಡುಗೂರು ಅಳ್ತಾವ, ಬೀಗರು ಜಗಳಾಡ್ತಾರ, ಬಾಜಾ ಬಾರಸ್ತಾರ, ಆ ಗದ್ದಲದಾಗ ಈ ಸುಯ್ ಯಾರಿಗೆ ಕೇಳ್ತದ? ನೀ ಇದನ್ನ ತಂದು ಕೋಣ್ಯಾಗ ಇಟ್ಟು, ಮೂಗಿಗೆ ಮೂಗು ಹಚ್ಚಿ ಕುಂತೀದಿ. ಆನಿ ತಂದು ಮಂಚದ ಬಾಜೂಕ ಕಟ್ಟಿ, ಉಸಿರು ಬಿಡಬ್ಯಾಡ ಅಂದ್ರ ಹ್ಯಾಂಗ?”

ಕಾಶಪ್ಪ ದನಿಯ ಗುಂಡಿಯನ್ನು ಪೂರಾ ಹಿಂದಕ್ಕೆ ತಿರುವಿದ. ಸುಯ್ ಇದ್ದಷ್ಟೇ ಇತ್ತು.

“ಅದು ಹಾಡಿನ ಗುಂಡಿ. ಸುಯ್‌ಗೆ ಗುಂಡಿ ಇಟ್ಟಿಲ್ಲ,” ಎಂದು ಸರ್ದಾರ ಮೈಕನ್ನೂ ಪಕ್ಕದಲ್ಲಿಟ್ಟ. “ತೂತು ಒಂದೇ ಅದ. ರೇಡಿಯೋ ವೈರಾದ್ರೂ ಹಾಕು, ಮೈಕಾದ್ರೂ ಹಾಕು. ಇನ್ನೊಂದು ಮಾತು. ಸ್ವಿಚ್ಚು ಸಡಿಲ ಆಗ್ಯದ. ಹತ್ತಿದ್ದು ಆರಿಸಬ್ಯಾಡ, ಆರಿಸಿದ್ರ ಮತ್ತ ನನ್ನ ಕೈಗೇ ಹತ್ತೋದು. ನಾ ಚಿತ್ತಾಪುರಕ್ಕ ಚಪ್ಪರ ನೋಡ್ಲಿಕ್ಕ ಹೊಂಟೀನಿ. ನಾಳಿ ಮುಂಜಾನಿ ಬಂದು ಡಬ್ಬಿ ಒಯ್ತೀನಿ, ಅಲ್ಲಿ ಮದಿವಿ ಅದ.”

ಸರ್ದಾರ ಹೋದ. ಸುಯ್ ಉಳಿಯಿತು.

ಮೊದಲು ಒಳಗೆ ಬಂದವನು ಮನೆ ಮಾಲಕ ಸಂಗಣ್ಣ. ತನ್ನ ಮನೆಯ ಅರ್ಧ ಭಾಗವನ್ನು ಕಾಶಪ್ಪನಿಗೆ ಬಾಡಿಗೆ ಕೊಟ್ಟು, ಉಳಿದರ್ಧದಲ್ಲಿ ಕೂತು ಆ ಅರ್ಧವನ್ನು ಕಾಯುವುದೇ ಅವನ ಕಸುಬು.

“ಕಾಶಪ್ಪಾ, ಏನೋ ಸೋರ್ಲಿಕತ್ತದ.”

“ಡಬ್ಬಿ ಸಪ್ಪಳ ರೀ ಮಾಲಕರೇ.”

“ಸಪ್ಪಳ ಸುಮ್‌ಸುಮ್ಕ ಬರ್ತದೇನು? ಕರೆಂಟು ಸೋರ್ಲಿಕತ್ತದ! ಮೀಟರು ನಂದದ ತಮ್ಮಾ, ನಂದು!” ಎಂದು ಸಂಗಣ್ಣ ಡಬ್ಬಿಯ ಮುಂದೆ ಅಂಗೈ ಒಡ್ಡಿ ಹಿಂದೆ ಮುಂದೆ ಆಡಿಸಿದ, ಸೋರುವ ಕರೆಂಟು ಒಂದಷ್ಟು ಸಿಕ್ಕರೆ ಮನೆಗೆ ಒಯ್ಯುವವನಂತೆ.

ಅಷ್ಟರಲ್ಲಿ ಭೀಮಶ್ಯಾ ಬಂದ. ಸಿಮೆಂಟು ಕಾರ್ಖಾನೆಯಲ್ಲಿ ಹೆಲ್ಪರು, ಓಣಿಯಲ್ಲಿ ಇಂಜಿನಿಯರು. ಎಲ್ಲಿ ಏನು ಕೆಟ್ಟರೂ ಕರೆಯದೆ ಬರುತ್ತಿದ್ದ. ಕೆಟ್ಟಿರದಿದ್ದರೆ ಬಂದ ಮೇಲೆ ಕೆಡುತ್ತಿತ್ತು.

“ಅರ್ತಿಂಗ್ ಇಲ್ಲ,” ಎಂದು ನೋಡಿದ ಕೂಡಲೇ ತೀರ್ಪು ಕೊಟ್ಟ. “ಸುಯ್ ಅಂದ್ರ ಏನು? ಕರೆಂಟು ಭೂಮಿತಾಯಿನ್ನ ಹುಡುಕ್ಲಿಕತ್ತದ. ತಾಯಿ ಮಗ ಕೂಡಿದ್ರ ಸುಮ್ನಾಗ್ತದ.”

ತಾಯಿ ಮಗನನ್ನು ಕೂಡಿಸಲು ಡಬ್ಬಿಯ ಬೆನ್ನಿನ ಮೊಳೆಗೆ ಒಂದು ವೈರು ಸುತ್ತಿ, ಇನ್ನೊಂದು ತುದಿಯನ್ನು ಅಂಗಳದ ನಲ್ಲಿಗೆ ಬಿಗಿದ. ಸುಯ್ ನಿಲ್ಲಲಿಲ್ಲ. ಅದರ ಕೆಳಗೆ ‘ಘುಂಯ್’ ಎಂದು ಹೊಸದೊಂದು ದನಿ ಸೇರಿಕೊಂಡು ಜುಗಲ್‌ಬಂದಿ ಆಯಿತು. ಏನೂ ತಿಳಿಯದ ಸಂಗಣ್ಣ ಕಾಲು ತೊಳೆಯಲೆಂದು ನಲ್ಲಿ ಹಿಡಿದ. ಆಮೇಲೆ ಅವನು ಹಾಕಿದ ಹೆಜ್ಜೆಗಳು ಮದರಾಸಿನ ಯಾವ ಡಾನ್ಸ್ ಮಾಸ್ತರನಿಗೂ ಹೊಳೆದಿರಲಿಕ್ಕಿಲ್ಲ. ಧೋತರ ಒಂದು ಕಡೆ, ಟೊಪ್ಪಿಗೆ ಒಂದು ಕಡೆ, ಸಂಗಣ್ಣ ಎರಡರ ನಡುವೆ.

“ಯಪ್ಪಾ! ಸತ್ತೆ! ಬಾಡಿಗಿ ಮನಿ ಬಿಡಲೇ ಕಾಶ್ಯಾ!”

ಭೀಮಶ್ಯಾ ವೈರು ಕಿತ್ತ. ಸೋತೆ ಎನ್ನಲಿಲ್ಲ. ಸೋತೆ ಎನ್ನುವವರು ಇಂಜಿನಿಯರಾಗುವುದಿಲ್ಲ. ಒಂದು ಕೌದಿ ತಂದು ಡಬ್ಬಿಗೆ ಹೊದಿಸಿದ. ಸ್ವಲ್ಪ ಹೊತ್ತಿಗೆ ಸುಯ್ ಜತೆ ಸುಟ್ಟ ವಾಸನೆಯೂ ಬಂತು. ಕೌದಿಗೆ ಅಂಗೈಯಗಲ ತೂತು ಬಿತ್ತು. ಕೊನೆಗೆ ಅವನು ಕಣ್ಣು ಕಿರಿದು ಮಾಡಿ, ಮಾಡಬಾರದ ಒಂದು ಉಪಾಯ ಹೇಳಿದ:

“ಸರ್ದಾರ ಹೇಳಿದ್ದು ಖರೆ ಅದ. ಇದು ಬೈಲಿನ ಪ್ರಾಣಿ. ಒಳಗ ಕಟ್ಟಬ್ಯಾಡ. ಹೊರಗ ಕಟ್ಟಿ ಮ್ಯಾಲ ಇಟ್ರ ಸುಯ್ ಗಾಳ್ಯಾಗ ಹಾರಿ ಹೋಗ್ತದ.”

ದೀಪ ಆರದ ಹಾಗೆ, ಕೈಗೂಸನ್ನು ಎತ್ತುವ ಹಾಗೆ, ಇಬ್ಬರೂ ಡಬ್ಬಿಯನ್ನು ಎತ್ತಿ ಬೀದಿಗೆ ಮುಖ ಮಾಡಿ ಕಟ್ಟೆಯ ಮೇಲಿಟ್ಟರು.

ಇಲ್ಲಿ ಊರಿನ ಒಂದು ರಹಸ್ಯ ಹೇಳಬೇಕು. ರೇಷನ್ನಿನ ಕಂಟ್ರೋಲ್ ಅಂಗಡಿಗೆ ಸಕ್ಕರೆಯೋ ಚಿಮಣಿ ಎಣ್ಣೆಯೋ ಬಂದರೆ ಓಣಿ ಓಣಿ ಸಾರುತ್ತಿದ್ದವನು ಇದೇ ಸರ್ದಾರ. ಟಾಂಗಾದಲ್ಲಿ ಇದೇ ಡಬ್ಬಿ ಇಟ್ಟು, ಬ್ಯಾಟರಿಗೆ ಹಚ್ಚಿ, ಎಲೆಯಡಿಕೆ ಉಗುಳಿ, ಗಂಟಲು ಸರಿಮಾಡಿಕೊಂಡು ಆಮೇಲೆ ಬಾಯಿ ತೆರೆಯುತ್ತಿದ್ದ. ಅಷ್ಟೂ ಹೊತ್ತು ಡಬ್ಬಿ ಸುಯ್ ಎನ್ನುತ್ತಿತ್ತು. ಅವನ ಮಾತಿಗೆ ಕಾದವರಿಗೆ ಖಾಲಿ ಚೀಲ, ಸುಯ್‌ಗೇ ಓಡಿದವರಿಗೆ ಸಕ್ಕರೆ. ಹೀಗಾಗಿ ಆ ಓಣಿಗಳ ಜನರ ಕಿವಿ ಪಳಗಿತ್ತು. ಮಗು ಅತ್ತರೆ ಏಳದ ಹೆಂಗಸರು ಸುಯ್ ಎಂದರೆ ಏಳುತ್ತಿದ್ದರು. ಅದರಲ್ಲೂ ದೀಪಾವಳಿ ಬಾಯಿಗೆ ಬಂದ ದಿನ, ಮನೆಮನೆಯಲ್ಲೂ ಸಕ್ಕರೆ ಡಬ್ಬಿಯ ತಳ ಕಾಣುತ್ತಿದ್ದ ಹೊತ್ತು!

ಮೊದಲು ಬಂದವಳು ಸಾಬಮ್ಮ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಎಣ್ಣೆಯ ಡಬ್ಬಿ. ಯಾವುದಕ್ಕೂ ತಯಾರು.

“ಸಕ್ರಿನೋ, ಎಣ್ಣಿನೋ?”

“ಎರಡೂ ಅಲ್ಲ ಅಕ್ಕಾ. ಸಂಜಿಗೆ ರೇಡಿಯೋದಾಗ ನನ್ನ ಹಾಡು ಅದ.”

ಸಾಬಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಹಾಡಿಗೆ ಇಷ್ಟು ದೊಡ್ಡ ಡಬ್ಬಿ? ಯಾರಿಗಪ್ಪಾ ಹೇಳ್ತಿ? ಮಾವ ಬರ್ಲಿಕತ್ತಾನಂತ. ಮೊದಲು ಅವನ ಚೀಲ ತುಂಬಿಸಿ ಆಮ್ಯಾಲ ನಮಗ ಸಾರ್ತಿ. ನಾ ಇಲ್ಲಿಂದ ಏಳಂಗಿಲ್ಲ!”

ಕೂತೇಬಿಟ್ಟಳು. ಅವಳು ಕೂತದ್ದನ್ನು ಕಂಡು ಎದುರುಮನೆಯವರು ಕೂತರು. ಅವರನ್ನು ಕಂಡು ಹಿಂದಿನ ಓಣಿ ಬಂತು. ಮನೆಯಲ್ಲಿ ಒಲೆ ಮೇಲೆ ಪಾತ್ರೆ ಬಿಟ್ಟು ಬಂದವರು ತಮ್ಮ ಬದಲು ಪಾಳಿಯ ಸಾಲಿನಲ್ಲಿ ಒಂದೊಂದು ಫರಸಿ ತುಂಡು ಇಟ್ಟು ಹೋದರು. ಆ ಊರಿನಲ್ಲಿ ಪಾಳಿಯಲ್ಲಿಟ್ಟ ಕಲ್ಲಿಗೂ ಮನುಷ್ಯನಷ್ಟೇ ಮರ್ಯಾದೆ. ಸಂಗಣ್ಣ ಕೂಡ ನಡುಗುವ ಕೈಯಲ್ಲೇ ಚೀಲ ಹಿಡಿದು ಬಂದು ಎಲ್ಲರಿಗಿಂತ ಮುಂದೆ ಕೂತ.

“ಕಟ್ಟಿ ನಂದು. ಮೊದಲ ಪಾಳಿ ನಂದು.”

“ಏನೂ ಇಲ್ಲ ರೀ, ಹೋಗ್ರಿ!” ಎಂದು ಕಾಶಪ್ಪ ಕೈಮುಗಿದ. ಅವನು ಹೋಗ್ರಿ ಎಂದದ್ದಕ್ಕೆ ಎಂದಿನಂತೆ ಎಲ್ಲರೂ ಇನ್ನಷ್ಟು ಭದ್ರವಾಗಿ ಕೂತರು. ಎಲ್ಲಿ ಮಾತಾಡಿದರೆ ಸುದ್ದಿ ತಪ್ಪುತ್ತದೋ ಎಂದು ಬಾಯಿ ಮುಚ್ಚಿ, ಡಬ್ಬಿಯ ಕಡೆ ಕಿವಿ ತಿರುಗಿಸಿ ಕೂತರು. ಓಣಿಯಲ್ಲಿ ಸುಯ್ ಬಿಟ್ಟರೆ ಬೇರೆ ಸದ್ದಿಲ್ಲ.

ಇಂಥ ಹೊತ್ತಿನಲ್ಲಿ ವಿಲನ್ ಎಂಟ್ರಿ. ಕಂಕುಳಲ್ಲಿ ಕೊಡೆ, ಕೆಂಡದಂಥ ಕಣ್ಣು, ಹಿಂದೆ ಬಟ್ಟೆ ಗಂಟು ಹಿಡಿದ ಸುಂದರಬಾಯಿ. ಅಮೃತಪ್ಪ ಓಣಿಯ ತಿರುವಿನಲ್ಲಿ ಗಕ್ಕನೆ ನಿಂತ.

“ಇದೇನಲೇ ಇದು? ಇಷ್ಟು ಮಂದಿ...”

“ಶ್ಶ್! ಸುಮ್ಮನ ಕೂಡೋ ಮುದುಕಾ!” ಎಂದರು ನಾಲ್ಕಾರು ಮಂದಿ ಒಟ್ಟಿಗೆ.

ಸುಲೇಪೇಟದಲ್ಲಿ ಅಮೃತಪ್ಪನಿಗೆ ಶ್ಶ್ ಎಂದವರು ಇರಲಿಲ್ಲ. ಅವನು ದನಿ ತಗ್ಗಿಸಿ ಹತ್ತಿರದವನನ್ನು ಕೇಳಿದ, “ಯಾರನ್ನ ಕೇಳ್ಲಿಕ್ಕ ಕುಂತೀರಪಾ?”

“ಮತ್ಯಾರು, ಕಾಶಪ್ಪನ್ನ! ಮುಂಜಾನಿಂದ ಕುಂತೀವಿ. ಅಂವ ಒಮ್ಮಿ ಬಾಯಿ ತಗದ್ರ ಸಾಕು.”

ಅಮೃತಪ್ಪನ ಮೀಸೆ ಕೆಳಗಾಯಿತು. ನಾಲ್ಕು ಮಂದಿ ಕೇಳಿದ್ದ. ಇಲ್ಲಿ ನಾಲ್ಕು ಓಣಿಯೇ ಕೂತಿದೆ. ಕಾಶಪ್ಪ ಓಡಿಬಂದು ಕಾಲಿಗೆ ಬಿದ್ದು, ಡಬ್ಬಿಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ. ಮಾವ ತಪ್ಪು ತಿಳಿದಿದ್ದಾನೆಂದು ಅವನಿಗೆ ಗೊತ್ತಾಯಿತು. ತಿದ್ದಲಿಲ್ಲ. ದೇವರು ಕೊಟ್ಟ ತಪ್ಪನ್ನು ತಿದ್ದುವುದಕ್ಕೆ ಅವನೇನು ಶಾಲೆ ಮಾಸ್ತರನೇ?

ಸುಂದರಬಾಯಿ ಮಾತ್ರ ಅವನನ್ನು ಬಾಗಿಲ ಮರೆಗೆ ಕರೆದು ಹಿಡಿದಳು.

“ಏನ್ರೀ, ಹಾಡು ಕೇಳ್ಲಿಕ್ಕ ಬಂದೋರ ಕೈಯಾಗ ಚೀಲ ಯಾಕವ?”

“ಅಭಿಮಾನಿಗಳು.”

“ಎಣ್ಣಿ ಡಬ್ಬಿ?”

“ಭಾಳ ಅಭಿಮಾನಿಗಳು.”

ರೊಟ್ಟಿ ಸೀದಾಗ ಹಂಚನ್ನು ನೋಡುವ ಹಾಗೆ ಅವಳು ಗಂಡನನ್ನು ನೋಡಿದಳು. ಆಮೇಲೆ ಗಂಟನ್ನು ಎದೆಗೆ ಅವಚಿಕೊಂಡು, ಯಾರಿಗೂ ಕೇಳದ ಹಾಗೆ ಹೇಳಿದಳು: “ಹ್ಯಾಂಗರೆ ಮಾಡ್ರಿ, ಇವತ್ತು ಗೆಲ್ರಿ. ನನಗ ಸುಲೇಪೇಟ ಸಾಕಾಗ್ಯದ.”

ಕಾಶಪ್ಪನ ಒಣ ಧೋತರದಂಥ ಮೈಯಲ್ಲಿ ಗಾಳಿ ತುಂಬಿತು.

ಅಷ್ಟರಲ್ಲೇ ಸಂಜೆಯಾಯಿತು. ಆಕಾಶವಾಣಿಯ ವಾರ್ತೆ ಮುಗಿಯಿತು. ಕಾಶಪ್ಪ ಟ್ರಾನ್ಸಿಸ್ಟರಿನ ಕಿವಿತೂತಿಗೆ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಡಬ್ಬಿಗೆ ತುರುಕಿ ಗುಂಡಿ ತಿರುವಿದ. ಸುಯ್ಯನ್ನು ಸೀಳಿಕೊಂಡು ಗುಡುಗಿನಂಥ ದನಿ ಬಂತು: “ಈಗ ತತ್ವಪದ...”

ಇಡೀ ಓಣಿ ಚೀಲ ಕೊಡವಿ ಎದ್ದು ನಿಂತಿತು.

“ಏ! ಇದು ರೇಡಿಯೋ ಅದ!”

“ಬಂದ್ ಮಾಡೋ! ಸಕ್ರಿ ಸುದ್ದಿ ಹೇಳೋ ಮೊದಲು!”

“ಮುಂಜಾನಿಂದ ಕುಂಡಿ ಸವದಾವ ನಮ್ವು!” ಎಂದು ಸಾಬಮ್ಮ ಎಣ್ಣೆ ಡಬ್ಬಿಯನ್ನು ಕಟ್ಟೆಗೆ ಬಡಿದಳು. ಸಂಗಣ್ಣ “ಮೊದಲ ಪಾಳಿ ನಂದು” ಎಂದು ಡಬ್ಬಿಯನ್ನೇ ತಬ್ಬಿಕೊಂಡ. ಭೀಮಶ್ಯಾ “ಅರ್ತಿಂಗ್ ಇಲ್ಲ” ಎಂದು ಕೂಗಿದ. ಯಾರೂ ಅವನನ್ನು ಕೇಳಿರಲಿಲ್ಲ. ಗದ್ದಲದಲ್ಲಿ ರೇಡಿಯೋದವರು ಕಾಶಪ್ಪನ ಹೆಸರು ಹೇಳಿದರೋ ಇಲ್ಲವೋ ತಿಳಿಯಲಿಲ್ಲ.

ಅಮೃತಪ್ಪನ ಹುಬ್ಬು ಮೇಲೇರಿತು. “ಹಿಂಗಾ? ನಿನ್ನ ಹಾಡು ಬಂದ ಕೂಡ್ಲೇ ಬಂದ್ ಮಾಡು ಅಂತಾರಲ್ಲೋ! ಸುಂದ್ರಾ, ಗಂಟು ತಗೋ. ಬಸ್ಸಿನ ಹೊತ್ತಾತು.”

ಗಂಟು ಎದ್ದಿತು. ಆಗ, ಹೌದು, ಆಗ ನಮ್ಮ ಹೀರೋ ಹೀರೋ ಆದ. ರೇಡಿಯೋ ವೈರನ್ನು ಕಿತ್ತೆಸೆದು, ಮೈಕನ್ನು ಡಬ್ಬಿಗೆ ಚುಚ್ಚಿ, ಕಟ್ಟೆ ಹತ್ತಿ ನಿಂತು ಒದರಿದ:

“ಕೇಳ್ರಪ್ಪೋ ಕೇಳ್ರಿ! ಸಕ್ರಿ ವ್ಯಾಗನ್ನು ಟೇಷನ್ನಿಗೆ ಬಂದದ! ಗೂಡ್ಸ್ ಶೆಡ್ಡಿನ ಬಾಗಲದಾಗೇ ಹಂಚ್ಲಿಕತ್ತಾರ! ಮೊದಲು ಹೋದೋರಿಗೆ ಮೊದಲು!”

ಎರಡನೇ ಸಲ ಹೇಳಬೇಕಾಗಲಿಲ್ಲ. ಧೂಳೆದ್ದಿತು, ಚಪ್ಪಲಿಗಳು ಹಾರಿದವು, ಸಂಗಣ್ಣ ಡಬ್ಬಿ ಬಿಟ್ಟು ಎಲ್ಲರಿಗಿಂತ ಮುಂದೆ ಓಡಿದ. ಜನ್ಮದಲ್ಲಿ ಮೊದಲ ಸಲ ಕಾಶಪ್ಪನ ಒಂದು ಮಾತನ್ನು ಊರು ಚಾಚೂ ತಪ್ಪದೆ ಪಾಲಿಸಿತ್ತು. ಓಣಿಯಲ್ಲಿ ಉಳಿದದ್ದು ಪಾಳಿಗಿಟ್ಟ ಫರಸಿ ತುಂಡುಗಳು ಮಾತ್ರ.

ಆ ಮೌನದಲ್ಲಿ ಕಾಶಪ್ಪನ ಹಾಡು ಮೊಳಗಿತು. ಎಂಥ ಹಾಡು! ಅಮೃತಪ್ಪ ಕುರ್ಚಿಗೆ ಒರಗಿದ. ಕೆಂಡದ ಕಣ್ಣು ನಿಧಾನ ಮುಚ್ಚಿಕೊಂಡವು. ತಲೆ ಲಯಕ್ಕೆ ತಕ್ಕ ಹಾಗೆ ತೂಗಿತು. ಕಣ್ಣಂಚಿನಿಂದ ಒಂದು ಹನಿ ಇಳಿದು ಮೀಸೆಯಲ್ಲಿ ನಿಂತಿತು. ಹಾಡು ಮುಗಿದಾಗ ಅವನು ಎದ್ದು ಅಳಿಯನ ಎರಡೂ ಕೈ ಹಿಡಿದು, “ಸುಂದ್ರಾ, ಗಂಟು ಒಳಗಿಡವ್ವಾ. ನಿನ್ನ ಗಂಡ ಗೆದ್ದ” ಎಂದ. ಶುಭಂ. ಪರದೆ ಬಿತ್ತು.

ಕಾಶಪ್ಪ ಡಿಪೋದಲ್ಲಿ ಇಂದಿಗೂ ಹೇಳುವುದು ಹೀಗೆ. ಹಾಗೇ ಬಿಟ್ಟರೆ ನಿಮ್ಮ ಕಣ್ಣಲ್ಲೂ ನೀರು ಬಂದು ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದಿತ್ತು. ಆದರೆ ಒಪ್ಪಿಕೊಳ್ಳಲೇಬೇಕು: ಇದರಲ್ಲಿ ಕಣ್ಣು ಮುಚ್ಚಿದ್ದು ಖರೆ, ತಲೆ ತೂಗಿದ್ದು ಖರೆ, ಮಿಕ್ಕಿದ್ದು ಕಾಶಪ್ಪನ ಹೊಟ್ಟೆಯಲ್ಲಿ ಹುಟ್ಟಿದ್ದು. ನಡೆದದ್ದು ಹೀಗೆ.

ಜನ ಓಡಿದ ರಭಸಕ್ಕೆ ರೇಡಿಯೋ ವೈರಿನ ತುದಿ ಎಲ್ಲಿ ಹೋಯಿತೋ ಕಾಣಲಿಲ್ಲ. ವೈರಿನ ಈ ತುದಿ ಟ್ರಾನ್ಸಿಸ್ಟರಿನ ಕಿವಿಯಲ್ಲೇ ಇದ್ದುದರಿಂದ ಅದು ತನ್ನ ಸೊಳ್ಳೆ ದನಿಯಲ್ಲೂ ಹಾಡಲಿಲ್ಲ. ಕಾಶಪ್ಪ ಮೈಕು ಕಿತ್ತು, ಮಂಡಿಯೂರಿ, ಕಲ್ಲು ಚಪ್ಪಲಿಗಳ ನಡುವೆ ತಡಕಾಡಿದ. ಗಂಧರ್ವರು ಹಾಡಿದ ಆ ತತ್ವಪದ ಪೂರ್ತಿ ವೈರಿನ ತುದಿಯಿಂದ ಧೂಳಿಗೆ ಸುರಿದುಹೋಯಿತು. ಡಬ್ಬಿ ಮಾತ್ರ ಅಷ್ಟೂ ಹೊತ್ತು, ಇನ್ನೂ ಕುರ್ಚಿಯಲ್ಲೇ ಇದ್ದ ಮಾವನ ಕಿವಿಯ ಪಕ್ಕದಲ್ಲಿ ಬರೀ ಸುಯ್ ಎನ್ನುತ್ತಿತ್ತು. ಕೊನೆಗೆ ತುದಿ ಸಿಕ್ಕಿ, ಅಂಗಿಗೆ ಒರೆಸಿ, ತೂತಿಗೆ ತುರುಕಿದಾಗ ಹೊರಬಿದ್ದದ್ದು ಇಷ್ಟೇ: “...ಅವರಿಂದ ತತ್ವಪದ ಕೇಳಿದಿರಿ.”

ಕಾಶಪ್ಪ ರೇಡಿಯೋ ಆರಿಸಿದ. ಎಲ್ಲ ಮುಗಿಯಿತೆಂದು ತಲೆಯೆತ್ತಿ ನೋಡಿದರೆ ಮಾವನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ತಲೆ ತೂಗುತ್ತಿದೆ. ಕಣ್ಣಂಚಿನಲ್ಲಿ ಹನಿ ಏನೂ ಇರಲಿಲ್ಲ, ಇದ್ದದ್ದು ಬಾಯಂಚಿನಲ್ಲಿ. ಅಮೃತಪ್ಪ ಗೊರಕೆ ಹೊಡೆಯುತ್ತಿದ್ದ.

“ಮಾವನೋರೇ...”

“ಮುಟ್ಟಬ್ಯಾಡ್ರಿ!” ಸುಂದರಬಾಯಿ ಗಂಡನ ಕೈ ಹಿಡಿದು ಎಳೆದಳು. ಅವಳ ಮುಖ ದೇವರು ಕಂಡವಳ ಮುಖದಂತಿತ್ತು. “ನಮ್ಮಪ್ಪ ಮಲಗ್ಯಾನ! ಅಂಗಡಿ ಬಿಟ್ಟಾಗಿಂದ ಅವನಿಗೆ ನಿದ್ದಿ ಇಲ್ಲ. ರಾತ್ರಿ ಪೂರಾ ಕಣ್ಣು ತಕ್ಕೊಂಡು ಕೂಡ್ತಾನ. ಬಾಜೂಕ ಕುಂತು ಯಾರರೆ ಮಾತಾಡಬೇಕು, ಇಲ್ಲಾ ಬೈಸಿಕೋಬೇಕು. ಅಣ್ಣ ವೈನಿ ಕೈ ಮುಗದುಬಿಟ್ರು. ಅದಕ್ಕ ಪಂಚಮಿ ನೆವ ಮಾಡಿ ನನ್ನ ಒಯ್ದಿದ್ದು.”

“ಮತ್ತ ಆ ನಾಕು ಮಂದಿ ಮಾತು?”

“ಅದು ಬರೀ ಬಾಯಿಮಾತು ರೀ. ನೀವು ನಾಕು ಊರು ಕೂಡ್ಸಿದ್ರೂ ಕಳಸ್ತಿರ್ಲಿಲ್ಲ.”

ಕಾಶಪ್ಪ ಕಟ್ಟೆಯ ಮೇಲೆ ಕೂತ. ಕೂರಲು ಬಿಡುವವರು ಯಾರು? ಗೂಡ್ಸ್ ಶೆಡ್ಡಿನಲ್ಲಿ ಸಕ್ಕರೆಯ ಬದಲು ಮೂರು ನಾಯಿ ಕಂಡು ಓಣಿಗೆ ಓಣಿಯೇ ಹಿಂತಿರುಗಿ ಬರುತ್ತಿತ್ತು. ಎಲ್ಲರ ಮುಂದೆ ಸಂಗಣ್ಣ, ಕೈಯಲ್ಲಿ ಚೀಲದ ಬದಲು ದೊಣ್ಣೆ. ಕಾಶಪ್ಪ ಡಬ್ಬಿಯ ಹಿಂದೆ ಅಡಗಿದ. ಸುಂದರಬಾಯಿ ಕಸಬರಿಗೆ ಹಿಡಿದು ಓಣಿಗೆ ಇಳಿದಳು.

“ಯಾರರೆ ಬಾಯಿ ತಗದು ನಮ್ಮಪ್ಪನ್ನ ಎಬ್ಬಿಸಿದ್ರಿ ಅಂದ್ರ, ರಾತ್ರಿ ಪೂರಾ ಅವನ ಮುಂದ ನಿಮ್ಮನ್ನೇ ಕೂಡ್ಸತೀನಿ!”

ಅವಳು ಪಿಸುದನಿಯಲ್ಲೇ ಹೇಳಿದ್ದು. ಆದರೂ ಸಂಗಣ್ಣನ ದೊಣ್ಣೆ ಕೆಳಗಿಳಿಯಿತು. ತಪ್ಪಿಗೆ ದಂಡವೆಂದು ಸಾಬಮ್ಮ ಒಳಗೆ ಹೋಗಿ, ಕಾಶಪ್ಪ ಹಬ್ಬಕ್ಕೆಂದು ಕೂಡಿಟ್ಟಿದ್ದ ಸಕ್ಕರೆಯನ್ನು ತನ್ನ ಚೀಲಕ್ಕೆ ಸುರಿದುಕೊಂಡು ತುದಿಗಾಲಲ್ಲಿ ಹೊರಬಂದಳು. ಉಳಿದವರು ತಮ್ಮ ತಮ್ಮ ಕಲ್ಲು ಎತ್ತಿಕೊಂಡು ಮನೆಗೆ ಹೋದರು.

ಮರುದಿನ ಬಿಸಿಲೇರಿದ ಮೇಲೆ ಸರ್ದಾರ ಕೈಗಾಡಿ ತಂದು ಸ್ವಿಚ್ಚು ಆರಿಸಿದ. ಸುಯ್ ನಿಂತಿತು. ನಿಂತದ್ದೇ ತಡ, ಅಮೃತಪ್ಪ ಕುರ್ಚಿಯಲ್ಲಿ ಎದ್ದು ಕೂತ.

“ಯಾರಲೇ ಅದು ಬಂದ್ ಮಾಡ್ದಾಂವ?”

ಕಾಶಪ್ಪ ಕೈಕಟ್ಟಿ ಮುಂದೆ ಬಂದ. ಅವನ ಎದೆಯ ಮೂಲೆಯಲ್ಲಿ ಇನ್ನೂ ಒಂದು ಆಸೆ ಮಿಣಮಿಣ ಎನ್ನುತ್ತಿತ್ತು. “ಮಾವನೋರೇ, ಹಾಡು ಹ್ಯಾಂಗಿತ್ತು?”

“ಯಾವ ಹಾಡು?”

“ಡಬ್ಬ್ಯಾಗ ಬಂತಲ್ರಿ...”

“ಹಾಡು ಗೀಡು ನನಗ ಗೊತ್ತಿಲ್ಲ. ಸುಯ್ ಅಂತ ಒಂದು ಬರ್ತಿತ್ತಲ್ಲ, ಅದು ನೋಡು! ಅವ್ವನ ತೊಡಿ ಮ್ಯಾಲ ಮಲಗಿದಂಗ ಆತು. ಅಳಿಯಾ, ಮಗಳು ಇನ್ನ ಇಲ್ಲೇ ಇರ್ಲಿ.”

ಸುಂದರಬಾಯಿ ಗಂಟು ಬಿಚ್ಚಿದಳು. ಕಾಶಪ್ಪನ ಮುಖ ಅರಳಿತು. ಅದು ಪೂರಾ ಅರಳುವ ಮೊದಲೇ ಮಾವ ಮುಂದಿನ ಮಾತು ಹೇಳಿದ:

“ಡಬ್ಬಿನೂ ಇಲ್ಲೇ ಇರ್ಲಿ. ಡಬ್ಬಿ ಇದ್ದಲ್ಲಿ ನಾನು.”

ಸರ್ದಾರ ಮದುವೆ ಮದುವೆ ಎಂದು ಬಾಯಿ ಬಡಿದುಕೊಂಡ. ಅಮೃತಪ್ಪ ಕೆಂಪು ಕಣ್ಣು ಬಿಟ್ಟ. ಅರ್ಧ ದಿನ ಹಗ್ಗ ಜಗ್ಗಾಡಿ, ಡಬ್ಬಿ ಬಿಟ್ಟುಹೋಗುವುದಕ್ಕೆ ಸರ್ದಾರ ಕಾಶಪ್ಪನ ಸೈಕಲ್ಲನ್ನೂ ಟ್ರಾನ್ಸಿಸ್ಟರನ್ನೂ ಕೈಗಾಡಿಗೆ ಹಾಕಿಕೊಂಡ. ಚಿತ್ತಾಪುರದ ಮದುವೆ ಹಳೇ ತಗಡಿನ ಭೋಂಗಾ ಸ್ಪೀಕರಿನಲ್ಲಿ ಮುಗಿಯಿತು.

ಈಗ ಕೋಣೆಯ ಒಳಗೆ ಡಬ್ಬಿ, ಡಬ್ಬಿಯ ಮುಂದೆ ಮಂಚ, ಮಂಚದ ಮೇಲೆ ಮಾವ. ಹಗಲೂ ಇರುಳೂ ಸುಯ್. ಸಂಗಣ್ಣ ಮೀಟರಿನ ಮುಂದೆ ಕೂತು ಅಳುತ್ತಾನೆ. ಕಾಶಪ್ಪನ ಹಾಸಿಗೆ ಹೊರಗೆ ಕಟ್ಟೆಯ ಮೇಲೆ. ಆಕಾಶವಾಣಿಯವರು ಅವನ ಹಾಡನ್ನು ಮತ್ತೊಂದು ಸಲ ಹಾಕಿದರಂತೆ; ಹಾಕಿದ್ದನ್ನು ಕೇಳುವುದಕ್ಕೆ ಮನೆಯಲ್ಲಿ ರೇಡಿಯೋ ಇರಲಿಲ್ಲ. ಒಂದು ಮುಂಜಾನೆ, ತಡೆಯಲಾರದೆ, ಮುಖ ತೊಳೆಯುತ್ತಾ ಮೆಲ್ಲಗೆ ಒಂದು ಸಾಲು ಗುನುಗಿದ. ಒಳಗಿನಿಂದ ದನಿ ಬಂತು:

“ಏ ಅಳಿಯಾ, ಬಾಯಿ ಮುಚ್ಚೋ! ಡಬ್ಬಿ ಕೇಳ್ಸವಲ್ದು.”